ಹೊಸ ಎಣ್ಣೆಗೆ ತ್ಯಾಜ್ಯದ ಬಿರುದು

ಕಾರ್ ರೇಸ್ ಸರಣಿಯ ಹಸಿರು ಇಂಧನ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ, ಉಮಾವತಿ ಆಂಟಿಯ ನೆನಪು ಕುಂದಿದೆ ಎಂದು ತಮ್ಮ ಕಚೇರಿ ತೀರ್ಪು ಕೊಟ್ಟಿದೆ. ಕುಂದಿರುವುದು ಅವರ ನೆನಪಲ್ಲ, ತಮ್ಮ ಪರೀಕ್ಷೆ ಎಂದು ಹೇಳಲು ಈ ಪತ್ರ. ಇದರ ಇಂಗ್ಲಿಷ್ ಪ್ರತಿ ತಮಗೆ ತಲುಪಿದೆ. ಕನ್ನಡದಲ್ಲಿ ಎಲ್ಲರೆದುರು ಬರೆಯುತ್ತಿರುವುದಕ್ಕೆ ಬೇರೆ ಕಾರಣವಿದೆ: ಅವರ ಮಾನ ಹೋದದ್ದು ಕನ್ನಡಿಗರ ನಡುವೆ, ಅದು ವಾಪಸು ಬರಬೇಕಾದದ್ದೂ ಇಲ್ಲಿಗೇ.

ಈ ವರ್ಷದ ಲಾಸ್ ಏಂಜಲೀಸ್ ರೇಸಿನಲ್ಲಿ ಕಾರುಗಳೆಲ್ಲ ಪೆಟ್ರೋಲು ಬಿಟ್ಟು, ಕರಿದು ಮಿಕ್ಕ ಅಡುಗೆ ಎಣ್ಣೆಯಿಂದ ತಯಾರಿಸಿದ ಇಂಧನದಲ್ಲೇ ಓಡುತ್ತವೆ ಎಂದು ತಾವು ಸಾರಿದಿರಿ. ತಿನ್ನುವುದನ್ನು ಸುಡುವುದಿಲ್ಲ, ಎಸೆಯುವುದನ್ನಷ್ಟೇ ಉರಿಸುತ್ತೇವೆ ಎಂಬುದು ತಮ್ಮ ಘೋಷಣೆ. ಕೇಳಲು ಚೆಂದ. ತುದಿಯಲ್ಲೊಂದು ಪ್ರಾಸವೂ ಇದ್ದಿದ್ದರೆ ನಾನು ಬಾಯಿಪಾಠ ಮಾಡಿಬಿಡುತ್ತಿದ್ದೆ. ಸಂಘಸಂಸ್ಥೆಗಳ ಅಡುಗೆಮನೆಗಳಿಗೆ ನೀಲಿ ಡ್ರಮ್ಮುಗಳನ್ನು ಕಳಿಸಿದಿರಿ. ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ನಮ್ಮ ಸಂಘದ ಯುಗಾದಿ ಊಟದ ದಿನ ಅಂಥದೊಂದು ಡ್ರಮ್ಮು ಬಂದು ಮೂಲೆಯಲ್ಲಿ ಕೂತಿತು.

ನಮ್ಮ ಅಡುಗೆಮನೆಯ ಯಜಮಾನಿಕೆ ಉಡುಪಿ ಕಡೆಯ ಉಮಾವತಿ ಆಂಟಿಯದು. ಅವರು ಬಾಣಲೆಯ ಮುಂದೆ ನಿಂತರೆ ಎಣ್ಣೆ ಎಂಬುದು ಉಳಿಯುವ ವಸ್ತುವೇ ಅಲ್ಲ. ಗೋಳಿಬಜೆ ಕರಿದ ಎಣ್ಣೆಯಲ್ಲಿ ಹಪ್ಪಳ, ಹಪ್ಪಳ ಮುಗಿದ ಮೇಲೆ ಅದರಲ್ಲೇ ಪಲ್ಯದ ಒಗ್ಗರಣೆ, ತಳದಲ್ಲಿ ಮಿಕ್ಕದ್ದು ಗೊಜ್ಜಿಗೆ. ಊಟ ಮುಗಿದಾಗ ಡ್ರಮ್ಮಿಗೆ ಸುರಿಯಲು ಏನೂ ಇರಲಿಲ್ಲ. ಖಾಲಿಯೇ ಕಳಿಸೋಣ ಎಂದೆ.

“ಎಂಥ ಮಾರಾಯ, ಬೇರೆಯವರ ಪಾತ್ರೆ ಖಾಲಿ ಕಳಿಸುದಾ? ನಮ್ಮಲ್ಲಿ ಅಂಥ ಕ್ರಮ ಇಲ್ಲ. ಆಚೆ ಹೊಸ ಡಬ್ಬ ಉಂಟಲ್ಲ, ತೆಗಿ.”

“ಆಂಟಿ, ಅವ್ರು ಕೇಳಿರೋದು ಹಳೇ ಎಣ್ಣೆ.”

“ಹಳತು ಕೇಳಿದವರಿಗೆ ಹೊಸತು ಕೊಟ್ಟರೆ ಬೇಡ ಹೇಳ್ತಾರಾ? ಅಷ್ಟು ಮಂಡೆ ಇಲ್ವಾ ಅವರಿಗೆ?”

ಡಬ್ಬಗಳನ್ನು ತೆರೆದವನು ನಾನು, ಡ್ರಮ್ಮಿಗೆ ಸುರಿದವನೂ ನಾನು. ಬಾಣಲೆಯ ಮುಖವನ್ನೇ ಕಾಣದ, ಸೀಲು ಆಗಷ್ಟೇ ಒಡೆದ ಕಡಲೆಕಾಯಿ ಎಣ್ಣೆ ಅದು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ವಾಪಸು ಬರುತ್ತದೆ, ಎಲ್ಲರೂ ಒಮ್ಮೆ ನಕ್ಕು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಬಂದದ್ದು ಡ್ರಮ್ಮಲ್ಲ, ಬಿರುದು. ‘ಅತ್ಯಂತ ಶುದ್ಧ ತ್ಯಾಜ್ಯ’ ಕೊಟ್ಟ ಸಂಸ್ಥೆಯೆಂದು ನಮ್ಮನ್ನು ರೇಸಿಗೇ ಕರೆದಿರಿ.

ಹಸಿರು ರೇಸು ನೋಡಲು ನಾವು ದೊಡ್ಡ ದೊಡ್ಡ ಎಸ್‌ಯುವಿಗಳಲ್ಲಿ ಫ್ರೀವೇ ಉದ್ದಕ್ಕೂ ಪೆಟ್ರೋಲು ಸುಡುತ್ತ ಬಂದೆವು. ಆ ಪಾಪದಲ್ಲಿ ನನ್ನ ಪಾಲು ನನಗಿರಲಿ. ವೇದಿಕೆಯ ಮೇಲೆ ತಮ್ಮ ಪ್ರತಿನಿಧಿ ಫಲಕ ಕೊಟ್ಟಾಗ ಆಂಟಿ ಪಕ್ಕದಲ್ಲಿದ್ದ ಸೊಸೆ ರಮ್ಯಶ್ರೀಯ ಕಡೆ ತಿರುಗಿದರು.

“ಇದು ಆ ಎಣ್ಣೆಗೆ ಕೊಟ್ಟದ್ದಾ? ಹೇಳು ಅವರಿಗೆ, ಅದರಲ್ಲಿ ಒಂದು ಹಪ್ಪಳ ಸಹ ಕರಿದದ್ದಲ್ಲ.”

“ಅತ್ತೆ, ಈಗ ಬೇಡ. ಫೋಟೋ ತೆಗೀತಿದ್ದಾರೆ.”

“ಫೋಟೋಕ್ಕೆ ಬೇಕಾಗಿ ಸುಳ್ಳು ಹೇಳ್ಲಿಕ್ಕಾಗ್ತದಾ?”

ರಮ್ಯಶ್ರೀ ಇಂಗ್ಲಿಷಿನಲ್ಲಿ ಹೇಳಿದಳು. ತಮ್ಮ ಪ್ರತಿನಿಧಿ ನಕ್ಕರು, ಆಂಟಿಯ ಭುಜ ತಟ್ಟಿದರು, ಮುಂದಿನ ಫಲಕ ಎತ್ತಿಕೊಂಡರು. ಆಮೇಲೆ ಸಂಘಕ್ಕೆ ತಮ್ಮ ಕಚೇರಿಯ ಸ್ಪಷ್ಟನೆ ಬಂತು: ಎಲ್ಲ ಡ್ರಮ್ಮುಗಳನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ, ಇದ್ದದ್ದೆಲ್ಲ ಬಳಸಿದ ಎಣ್ಣೆಯೇ, ಹಿರಿಯ ಸ್ವಯಂಸೇವಕಿಗೆ ನೆನಪಿನ ಗೊಂದಲವಾಗಿರಬಹುದು. ಸುರಿದವನೇ ನಾನು ಎಂದು ಬರೆದೆ. ನನ್ನ ಉತ್ಸಾಹಕ್ಕೆ ಧನ್ಯವಾದ ಹೇಳಿದಿರಿ.

ಮಾನ್ಯರೇ, ಸೀಲು ಒಡೆದ ಎಣ್ಣೆಗೂ ಸೀದ ಎಣ್ಣೆಗೂ ವ್ಯತ್ಯಾಸ ಕಾಣದ ಆ ಪ್ರಯೋಗಾಲಯ ಎಲ್ಲಿದೆ? ಪರೀಕ್ಷೆ ನಡೆದಿದ್ದರೆ ಅದು ಕುರುಡು, ನಡೆದೇ ಇಲ್ಲವಾದರೆ ತಮ್ಮ ಮಾತು ಬರಡು. ಸಂಘದ ಅಡುಗೆಮನೆಯ ಒಂದು ಡ್ರಮ್ಮಿನಲ್ಲಿ ಹೊಸದು ಕಾಣದವರಿಗೆ, ಹಳೇ ಎಣ್ಣೆಯೆಂದು ದೂರದಿಂದ ಬರುವ ಟ್ಯಾಂಕರುಗಳಲ್ಲಿ ಏನು ಕಂಡೀತು? ತ್ಯಾಜ್ಯ ಎಂದು ಹೆಸರಿಟ್ಟ ಕೂಡಲೇ ಬಿರುದು ಸಿಗುವುದಾದರೆ, ಹೊಸದನ್ನು ಹಳೆಯದೆಂದು ಸಾಗಿಸುವವರೆಲ್ಲ ನಮ್ಮ ಆಂಟಿಯಷ್ಟೇ ಮುಗ್ಧರಾಗಿರುತ್ತಾರೆಯೇ? ಅಂದು ವೇದಿಕೆಯ ಹಿಂದೆ ಗುಡುಗುಡಿಸುತ್ತಿದ್ದ ಜನರೇಟರುಗಳ ಹೊಟ್ಟೆಗೆ ಯಾವ ಎಣ್ಣೆ ಹಾಕಿದ್ದೀರಿ ಎಂದು ಕೇಳಿದ್ದಕ್ಕೆ, ‘ಅದು ರೇಸಿನ ಭಾಗವಲ್ಲ’ ಎಂದರು ಅಲ್ಲಿದ್ದವರು. ದೀಪ, ಮೈಕು, ತಣ್ಣಗಿನ ಸೋಡಾ ಎಲ್ಲ ಹಾಗಾದರೆ ಯಾರ ಮನೆಯ ಮದುವೆಯ ಭಾಗ? ಪರ್ಯಾಯ ಇಂಧನದ ವೈರಿ ನಾನಲ್ಲ. ಕಾಳ್ಗಿಚ್ಚಿನ ಹೊಗೆಯಲ್ಲಿ ಮಕ್ಕಳಿಗೆ ಮಾಸ್ಕ್ ಹಾಕಿ ಶಾಲೆಗೆ ಕಳಿಸಿದವನಿಗೆ ಹೊಗೆಯ ಪಾಠ ಬೇಕಿಲ್ಲ. ನಿಜವಾಗಿ ಹಸಿರಾದ ಇಂಧನ ಬಂದರೆ ಮೊದಲು ಚಪ್ಪಾಳೆ ತಟ್ಟುವವನೂ ನಾನೇ. ಆದರೆ ಬಣ್ಣ ಹಚ್ಚಿದ್ದಕ್ಕೆಲ್ಲ ಬೆನ್ನು ತಟ್ಟಲಾರೆ.

ಇಷ್ಟಕ್ಕೇ ನಿಂತಿದ್ದರೆ ಅನುಮಾನವನ್ನು ನನ್ನೊಳಗೇ ಇಟ್ಟುಕೊಳ್ಳುತ್ತಿದ್ದೆ. ಆದರೆ ತಮ್ಮ ಒಂದು ವಾಕ್ಯ ಇಲ್ಲಿ ಮಾಡಿದ ಕೆಲಸ ನೋಡಿ. ನಮ್ಮ ಸಂಘದ ಅಧ್ಯಕ್ಷರಾದ ವಿಶ್ವೇಶ್ವರ ಅವರು ಫೋನ್ ಮಾಡಿದರು.

“ನೋಡಿ ನರಹರಿ, ಲ್ಯಾಬ್‌ನವ್ರೇ ಹೇಳ್ತಿದ್ದಾರೆ ಆಂಟಿಗೆ ಕನ್‌ಫ್ಯೂಸ್ ಆಗಿದೆ ಅಂತ. ನಾಳೆ ಕುದಿಯೋ ಎಣ್ಣೆ ಹತ್ರ ಏನಾದ್ರೂ ಆದ್ರೆ? ಇನ್ಶೂರೆನ್ಸ್‌ನವ್ರು ನನ್ನ ಸುಮ್ನೆ ಬಿಡ್ತಾರಾ?”

“ಡಬ್ಬ ಓಪನ್ ಮಾಡಿದ್ದು ನಾನು ಸಾರ್. ನನಗೂ ಕನ್‌ಫ್ಯೂಸಾ?”

“ನಿಮ್ಮ ವಿಷ್ಯ ಬಿಡಿ. ಪ್ರಾಸ ಸಿಕ್ಕಿದ್ರೆ ನೀವು ಏನು ಬೇಕಾದ್ರೂ ಹೇಳ್ತೀರ.”

ಗಣೇಶನ ಹಬ್ಬಕ್ಕೆ ಆಂಟಿಯನ್ನು ಬಾಣಲೆಯಿಂದ ದೂರ, ಬಾಗಿಲ ಬಳಿ ಕಾಗದದ ತಟ್ಟೆ ಹಂಚಲು ಕೂರಿಸಿದರು. ಅವರು ಜಗಳವಾಡಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮೊನ್ನೆ ಗ್ರೋಸರಿ ಅಂಗಡಿಯಲ್ಲಿ ಸಿಕ್ಕ ಆಂಟಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು.

“ನರಹರಿ, ನಿಜ ಹೇಳು. ಅವತ್ತು ನೀನು ಸುರಿದದ್ದು ಹೊಸತೇ ಅಲ್ವಾ?”

ತಮ್ಮ ಇಂಧನದ ಮೇಲೆ ಬರಬೇಕಿದ್ದ ಅನುಮಾನ ಆಂಟಿಗೆ ಸ್ವಂತ ತಲೆಯ ಮೇಲೆಯೇ ಬಂದಿದೆ. ನಾನು ಹೌದೆಂದೆ. ನಾನು ಬರೀ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂಬಂತೆ ತಲೆಯಾಡಿಸಿ ಹೋದರು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಡ್ರಮ್ಮಿನ ಪರೀಕ್ಷೆಯ ಫಲಿತಾಂಶವನ್ನು ಬಹಿರಂಗಪಡಿಸಿ. ಪರೀಕ್ಷೆಯೇ ಆಗಿಲ್ಲವಾದರೆ ಹಾಗೆಂದೇ ಹೇಳಿ, ಬಿರುದು ಹಿಂಪಡೆಯಿರಿ. ಇವೆರಡಕ್ಕೂ ತಮ್ಮ ವಕೀಲರ ಒಪ್ಪಿಗೆ ಸಿಗದಿದ್ದರೆ, ದೀಪಾವಳಿಯ ಅಡುಗೆಗೆ ಒಲೆ ಹಚ್ಚುವ ಮೊದಲು ಇದೊಂದನ್ನಾದರೂ ಮಾಡಿ: ‘ಉಮಾವತಿಯವರು ಹೇಳಿದ್ದು ನಿಜ, ತಪ್ಪಿದ್ದು ನಾವು’ ಎಂದು ತಮ್ಮ ಸಹಿಯೊಂದಿಗೆ ಒಂದು ಸಾಲು ಬರೆದು ಕಳಿಸಿ. ಅವರಿಗೆ ಅದನ್ನು ಓದಿ ಹೇಳುವ ಕೆಲಸ ನನ್ನದು.

ಇಂತಿ,
ನಂಬುವ ಆಸೆಯಿದ್ದೂ ನಂಬಲಾಗದ
ನರಹರಿ
ಮೀರಾ ಮೆಸಾ, ಸ್ಯಾನ್ ಡಿಯಾಗೋ