ಎಂಜಿನ್ನಿಗೆ ಕಟ್ಟಿದ ಕಂಕಣ

ಸತ್ಯನಾರಾಯಣಪೇಟೆ, ಬಳ್ಳಾರಿ
೧೪-೨-೧೯೭೪

ನನ್ನ ಮುದ್ದಿನ ಅಪ್ಪಾಜಿ,

ನಾನಿಲ್ಲಿ ತುಂಬಾ ತುಂಬಾ ಹ್ಯಾಪಿ! ಆದರೆ ತಲೆ ಗಿರ್ರೆನ್ನುತ್ತಿದೆ. ಮದುವೆಗೆ ನೀವು ಕೊಟ್ಟ ಕಾರು ರಿಪೇರಿಗೆ ಹೋಗಿತ್ತಲ್ಲ, ಅದರ ಹೊಸ ಎಂಜಿನ್ ತೆಗೆದು ಹಳೆಯದನ್ನು ಕೂರಿಸಿದ್ದಾನೆಂದು ಇವರು ವರ್ಕ್‌ಶಾಪಿನ ಹುಲುಗಪ್ಪನ ಮೇಲೆ ಕೇಸು ಹಾಕಿದ್ದಾರೆ. ಅವನು, "ಬಂದಾಗ್ಲೇ ಹಳೇದಿತ್ರಿ, ನಿಮ್ಮ ಮಾವಾರನ್ನ ಕೇಳ್ರಿ" ಎಂದನಂತೆ. ಎಂಥ ಮಾತು! ಸೋಮವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ.

ಇವತ್ತು ಬಾನೆಟ್ ಎತ್ತಿ ನೋಡಿದೆ. ಮದುವೆಯ ಕಂಕಣ ಬಿಚ್ಚಿದ ದಿನ ಅದನ್ನು ತಮಾಷೆಗೆ ಎಂಜಿನ್ನಿಗೆ ಕಟ್ಟಿದ್ದೆ. ಎಣ್ಣೆ ಕುಡಿದು ಕಪ್ಪಾಗಿದೆ, ಆದರೆ ಗಂಟು ನನ್ನದೇ. ಹಾಗಾದರೆ ಎಂಜಿನ್ ಬದಲಾಗಿಲ್ಲ. ನೀವು ಹೊಸದೆಂದೇ ಹೇಳಿದ್ದಿರಲ್ಲವೇ, ಅಪ್ಪಾಜಿ?

ಇವರಿಗಿನ್ನೂ ತೋರಿಸಿಲ್ಲ. ಭಾನುವಾರವೇ ಸಿರುಗುಪ್ಪದಿಂದ ಬಂದು ನೀವೇ ಹೇಳಿಬಿಡಿ. ಕೋರ್ಟಿನಲ್ಲಿ ಕೇಳಿದರೆ ನಾನು ಕಂಕಣದ ವಿಷಯ ಹೇಳಿಬಿಡುತ್ತೇನೆ. ಬರುವಾಗ ಅಮ್ಮನ ಶೇಂಗಾ ಹೋಳಿಗೆ ತನ್ನಿ, ಇವರಿಗೆ ಇಷ್ಟ.

ನಿಮ್ಮ ಮಗಳೇ ಆದ,
ಸುವರ್ಣ