ತಿರುಗದ ಮಚ್ಚೆ

ಪೆನಾಂಗ್, ೧೮೬೮
ಹಿರಿಯರ ಸಮಾಧಿಗೆ ಪೂಜೆ ಮಾಡಿ ಬಂದ ಮರುದಿನ

ನಮ್ಮ ಸ್ವೀ ಇಮ್‌ಳ ಅಪ್ಪನಿಗೆ ನಮಸ್ಕಾರ.

ಮೈ ಹುಷಾರಾಗಿದೆಯೇ? ತೊಂಗ್ಕಾದ ತವರದ ಗಣಿಗಳಲ್ಲಿ ಜ್ವರ ಬೇಗ ಹತ್ತುತ್ತದಂತೆ. ಚಹಾ ಬಿಟ್ಟು ಬರೀ ನೀರು ಕುಡಿಯಬೇಡಿ. ಅತ್ತೆ ಗಟ್ಟಿಯಾಗಿದ್ದಾರೆ. ಎಲೆಯಡಿಕೆ ಬಿಟ್ಟಿಲ್ಲ, ನನ್ನನ್ನು ಬೈಯುವುದನ್ನೂ ಬಿಟ್ಟಿಲ್ಲ. ನಿಮ್ಮ ಹೆಗಲೇರಿ ಕೂರುತ್ತಿದ್ದ ಸ್ವೀ ಇಮ್ ಈಗ ನನಗಿಂತ ಎತ್ತರ.

ನಿಮ್ಮ ಗೆಳೆಯನೆಂದು ಹೇಳಿಕೊಂಡು ಕಿಯೆಟ್ ಸೆಂಗ್ ಎಂಬಾತ ಬಂದಿದ್ದಾನೆ. ಅಲ್ಲಿ ಹುಡುಗಿಗೆ ಗಂಡು ಗೊತ್ತಾಗಿದೆ, ಇವನ ಜೊತೆ ಕಳಿಸು ಎಂದು ಬರೆದ ನಿಮ್ಮ ಹೆಸರಿನ ಕಾಗದ ಕೊಟ್ಟ. ಗುರುತಿಗೆಂದು ಗಾಜಿನ ಮೇಲೆ ತೆಗೆಸಿದ ನಿಮ್ಮ ಚಿತ್ರವನ್ನೂ ಕೊಟ್ಟ. ಮುಖ ಅಲ್ಲಾಡಿ ಮಸುಕಾಗಿದೆ, ಆದರೆ ನಿಮ್ಮ ಎಡಗೆನ್ನೆಯ ಮಚ್ಚೆ ಚಿತ್ರದಲ್ಲೂ ಎಡಗೆನ್ನೆಯಲ್ಲೇ ಇತ್ತು. ಅದನ್ನು ಮುಟ್ಟಿ ನಾನು ಅತ್ತುಬಿಟ್ಟೆ. ಅಷ್ಟರಲ್ಲಿ ನಿಮ್ಮ ಅಮ್ಮ ಚೀರಿದರು: “ಅಯ್ಯೋ, ಅಂಗಿ ಎಡಕ್ಕೆ ಕಟ್ಟವ್ರಲ್ಲೇ! ಹೆಣಕ್ಕೆ ಉಡಿಸ್ದಂಗೆ ಉಡಿಸವ್ರೆ ನನ್ ಮಗಂಗೆ!” ನಿಜ, ಗುಂಡಿ ಎಡಗಡೆಗಿತ್ತು. ಕಿಯೆಟ್ ಸೆಂಗ್ ಮಾತ್ರ ನಗುತ್ತಿದ್ದ. ಆ ನಗು ನನಗೆ ಮೊದಲೇ ಹಿಡಿಸಿರಲಿಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ.

ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಪೇಟೆಯಲ್ಲಿ ಚಿತ್ರ ತೆಗೆಯುವ ಮುದುಕ ಆ-ಲೋಕ್‌ನ ಹತ್ತಿರ ಹೋದೆ. “ಅಳ್ಬೇಡಿ ನ್ಯೋನ್ಯಾ ಅಮ್ಮಾವ್ರೇ. ಗಾಜಿನ ಚಿತ್ರ ಅಂದ್ರೆ ಕನ್ನಡಿ ಇದ್ದಂಗೆ, ಎಡ ಬಲ ಆಗುತ್ತೆ. ಇವ್ನು ಸರಿಯಾಗೇ ಉಟ್ಕೊಂಡವ್ನೆ, ಜೀವಂತವಾಗೇ ಕೂತವ್ನೆ” ಎಂದ. ಎಲ್ಲವೂ ತಿರುಗುತ್ತದೆಯೇ ಎಂದು ಕೇಳಿದೆ. “ಮೂಗೊಂದು ಬಿಟ್ಟು ಎಲ್ಲಾ ತಿರುಗುತ್ತೆ!” ಎಂದು ನಕ್ಕ. ನನಗೆ ನಗು ಬರಲಿಲ್ಲ. ಎಲ್ಲವೂ ತಿರುಗುವುದಾದರೆ ನಿಮ್ಮ ಮಚ್ಚೆ ಬಲಗೆನ್ನೆಗೆ ಹೋಗಬೇಕಿತ್ತಲ್ಲ? ಆ-ಲೋಕ್ ಗಾಜನ್ನು ಬೆಳಕಿಗೆ ಹಿಡಿದ, ಮೆಲ್ಲಗೆ ಕೆರೆದ. ಮಚ್ಚೆ ಮಸಿಯಾಗಿ ಅವನ ಉಗುರಿಗೆ ಬಂತು.

ಚಿತ್ರದಲ್ಲಿರುವುದು ನೀವಲ್ಲ ಎಂದು ನಿಮ್ಮ ಅಮ್ಮನಿಗೆ ಹೇಳಿಲ್ಲ. ಚಿತ್ರ ಎಡಬಲ ತಿರುಗುತ್ತದೆ ಎಂಬುದನ್ನಷ್ಟೇ ಹೇಳಿದ್ದೇನೆ. ಮಗ ಬದುಕಿದ್ದಾನೆಂದು ಅವರು ಹಂದಿಮಾಂಸ ಬೇಯಿಸಿ ಬೀದಿಗೆಲ್ಲ ಹಂಚಿದರು. ಕಿಯೆಟ್ ಸೆಂಗ್ ಮತ್ತೆ ಮತ್ತೆ ಬಡಿಸಿಕೊಂಡ. ನನಗೆ ಭಯವಾಗುತ್ತಿದೆ. ಎಲ್ಲೇ ಇರಿ, ನಮ್ಮ ಹಿರಿಯರು ನಿಮ್ಮನ್ನು ಕಾಯಲಿ.

ನಿಮ್ಮವಳು,
ಗೆಕ್ ನಿಯೋ

ಅವಸರದಲ್ಲಿ ಇನ್ನೊಂದು ಮಾತು: ಈ ಕಾಗದವನ್ನು ಕಿಯೆಟ್ ಸೆಂಗ್ ಕೈಗೆ ಕೊಡುತ್ತಿಲ್ಲ, ನನ್ನ ಅಣ್ಣನೇ ತರುತ್ತಾನೆ. ಓದುತ್ತಿರುವವರು ನೀವೇ ಆದರೆ ಬಾಗಿಲು ತೆರೆದು ಅವನಿಗೆ ಮುಖ ತೋರಿಸಿ. ಬೇರೆ ಯಾವನಾದರೂ ಆಗಿದ್ದರೆ, ಕೇಳು: ಹುಡುಗಿ ಬರುವುದಿಲ್ಲ. ನನ್ನ ಗಂಡನನ್ನು ಏನು ಮಾಡಿದೆ?