ಅಮ್ಮನ ಸ್ಕೂಟರಿನ ಬ್ಯಾಟರಿ

ರಾಮಾಪುರ
18-11-2024

ಅಗರದಲ್ಲಿರುವ ಮಗಳು ಮಾಲಿನಿಗೆ,

ಅಪ್ಪನ ಆಶೀರ್ವಾದ. ಮೊನ್ನೆಯಿಂದ ಫೋನ್ ಎತ್ತಲಿಲ್ಲವೆಂದು ಸಿಟ್ಟಾಗಬೇಡ. ಫೋನಿನಲ್ಲಾದರೆ ನಡುನಡುವೆ ಬೈಯುತ್ತೀಯ, ನನಗೆ ಮಾತು ತಪ್ಪಿಹೋಗುತ್ತದೆ. ಅದಕ್ಕೇ ಕಾಗದ.

ನಿನ್ನ ಚೆಲುವಮ್ಮತ್ತೆ ಆಸ್ಪತ್ರೆಯಿಂದ ನಮ್ಮ ಮನೆಗೇ ಬಂದಳಲ್ಲ, ಮೂಗಿಗೆ ಕೊಳವೆ ಇಟ್ಟುಕೊಂಡು. ಆ ಆಕ್ಸಿಜನ್ ಮೆಷಿನ್ನು ಕರೆಂಟಿದ್ದರೆ ಮಾತ್ರ ಉಸಿರು ಕೊಡುತ್ತದೆ. ನಮ್ಮೂರ ಕರೆಂಟು ನಿನಗೆ ಗೊತ್ತೇ ಇದೆ. ಇನ್ವರ್ಟರಿನ ಬ್ಯಾಟರಿಗಳು ಸತ್ತು ಕೂತಿವೆ. ಜಗುಲಿಯಲ್ಲಿ ನಿಮ್ಮಮ್ಮನ ಎಲೆಕ್ಟ್ರಿಕ್ ಸ್ಕೂಟರ್ ಅವಳು ಹೋದಾಗಿನಿಂದ ನಿಂತೇ ಇತ್ತು. ಆಗಾಗ ಚಾರ್ಜಿಗೆ ಹಾಕುತ್ತಿದ್ದೆ, ಯಾಕೆ ಅಂತ ಕೇಳಬೇಡ.

ಅದರ ಬ್ಯಾಟರಿಯನ್ನೇ ಇನ್ವರ್ಟರಿಗೆ ಹಾಕೋಣವೆಂದರೆ ಅದು ನಲವತ್ತೆಂಟು ವೋಲ್ಟು, ಇನ್ವರ್ಟರಿಗೆ ಬೇಕಾದ್ದು ಇಪ್ಪತ್ತನಾಲ್ಕು. ಗಾಡಿ ರಿಪೇರಿಯ ಮುರುಗೇಶನನ್ನು ಕರೆಸಿದೆ. ಬಿಚ್ಚಿದರೆ ಹದಿನಾರು ಸೆಲ್ಲು, ಒಂದರ ಹಿಂದೊಂದು. ಎಂಟೆಂಟರ ಎರಡು ಸಾಲು ಮಾಡಿ ಅಕ್ಕಪಕ್ಕ ಸೇರಿಸಿದರೆ ವೋಲ್ಟು ಅರ್ಧ. ಕೊಳ್ಳೇಗಾಲದ ಕಾಲೇಜಿನಲ್ಲಿ ಉರು ಹೊಡೆದದ್ದು ಬಾಯಿಗೆ ಬಂತು: ‘ಇನ್ ಸೀರೀಸ್ ವೋಲ್ಟೇಜ್ ಆಡ್ಸ್, ಇನ್ ಪ್ಯಾರಲಲ್ ಇಟ್ ರಿಮೇನ್ಸ್...’ ಮುಂದಿನದು ಮರೆತಿತ್ತು.

‘ರಿಮೇನ್ಸ್ ಆದ್ಮೇಲೆ ಏನ್ ಸಾ?’ ಅಂದ ಮುರುಗೇಶ.

‘ಇದ್ದಷ್ಟೇ ಇರತ್ತೆ ಕಣಯ್ಯ.’

‘ಇದ್ರೆ ಸರಿ ಬುಡಿ.’

ಎರಡು ಸಾಲೂ ಸಮ ಚಾರ್ಜಿಗೆ ಬರುವ ತನಕ ಸೇರಿಸಬಾರದು, ಒಂದು ಇನ್ನೊಂದಕ್ಕೆ ನುಗ್ಗಿ ವೈರು ಸುಡುತ್ತದೆ. ಮೀಟರಿಟ್ಟು ಸಮ ಮಾಡಿ, ಅತ್ತೆಯ ಮಂಚದ ಪಕ್ಕದ ಮೇಜಿನ ಮೇಲೇ ಸೇರಿಸಿದ್ದೆವು. ಮುಚ್ಚಳ ಹಾಕುವುದು ಬಾಕಿ, ಕರೆಂಟ್ ಹೋಯಿತು. ಮೆಷಿನ್ನು ಕೂಗಿಕೊಂಡು ನಿಂತಿತು. ‘ತಡಿ ಅಕ್ಕ, ಈಗ ಕೊಟ್ಟೆ’ ಅಂದು ನಾವಿಬ್ಬರೂ ಇನ್ವರ್ಟರಿನ ಕಡೆ ತಿರುಗಿದೆವು. ಹೊಸದನ್ನು ದೃಷ್ಟಿ ತೆಗೆಯದೆ ಶುರು ಮಾಡಬಾರದೆಂದು ನಿನ್ನತ್ತೆ ದಿಂಬಿನ ಪಕ್ಕ ನಿಂಬೆಹಣ್ಣು, ಮೆಣಸಿನಕಾಯಿಯ ಸರ ಇಟ್ಟುಕೊಂಡಿದ್ದಳು. ಕೈ ಚಾಚಿ ಅದನ್ನು ಮುಚ್ಚಳವಿಲ್ಲದ ಸೆಲ್ಲುಗಳ ಮೇಲೆ ಮಡಗಿದಳು. ಪೋಣಿಸಿದ್ದು ಕಬ್ಬಿಣದ ತಂತಿಗೆ.

ಚಟಾರೆಂದಿತು. ತಂತಿ ಕೆಂಪಗೆ ಕಾದು ಮೆಣಸಿನಕಾಯಿ ಹೊತ್ತಿಕೊಂಡಿತು. ಆ ಘಾಟಿಗೆ ನಮಗೇ ಕೆಮ್ಮು, ಉಸಿರಿಲ್ಲದವಳ ಗತಿ ಏನಾಗಬೇಡ. ತುಟಿ ನೇರಳೆಯಾಯಿತು. ‘ಮುಟ್ಬೇಡಿ ಸಾ’ ಅಂದು ಮುರುಗೇಶ ರಬ್ಬರ್ ಚಪ್ಪಲಿಯಿಂದ ಸರವನ್ನು ಹೊಡೆದು ಬೀಳಿಸಿದ.

‘ಕನೆಕ್ಷನ್ ಕೊಡ್ಲಾ ಬ್ಯಾಡ್ವಾ? ಒಳಗೆ ಏಟಾಗಿದ್ರೆ ಮನೇನೇ ಒತ್ಕಂಡು ಉರೀತದೆ. ನೀವೇ ಹೇಳಿ.’

ಸೆಲ್ಲುಗಳ ಮೇಲೆ ಕೈಯಿಟ್ಟೆ. ಬಿಸಿಯಿರಲಿಲ್ಲ. ಮೀಟರು ಇಪ್ಪತ್ತಾರು ತೋರಿಸಿತು. ಅಕ್ಕನ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ‘ಕೊಡು’ ಅಂದೆ.

ಮೆಷಿನ್ನು ಗುರ್ರೆಂದಿತು. ಎಷ್ಟೋ ಹೊತ್ತಿಗೆ ಕಣ್ಣು ಬಿಟ್ಟವಳು ಏನಂದಳು ಗೊತ್ತೇ? ‘ನೋಡ್ಲಾ ಸೋಮ, ಎಷ್ಟ್ ದೃಷ್ಟಿ ಇತ್ತು ಅಂತ. ಮೆಣಸಿನಕಾಯಿ ಪೂರಾ ಸುಟ್ಟೋಯ್ತು.’

‘ಇನ್ನೊಸಿ ಆಗಿದ್ರೆ ಮನೆ ದೃಷ್ಟೀನೂ ಓಗ್ತಿತ್ತು ಕಣಮ್ಮ’ ಅಂದ ಮುರುಗೇಶ.

ಈಗ ಮುಚ್ಚಳ ಹಾಕಿ ಹೊರಗಿನ ಜಗುಲಿಯಲ್ಲಿಟ್ಟಿದ್ದೇವೆ. ಅತ್ತೆ ಉಣ್ಣುತ್ತಾಳೆ, ನನ್ನನ್ನು ಬೈಯುತ್ತಾಳೆ. ಭಾನುವಾರ ಬಾ. ಅಳಿಯಂದಿರಿಗೂ ಮಕ್ಕಳಿಗೂ ಒಳ್ಳೆಯದಾಗಲಿ, ನಿಮ್ಮೆಲ್ಲರ ಉಸಿರು ಸಲೀಸಾಗಿರಲಿ.

ನಿನ್ನ ಅಪ್ಪ,
ಸೋಮಣ್ಣ

ಬರೆದು ಮಡಿಸಿದ ಮೇಲೆ: ಅಂಗನವಾಡಿಗೆ ತಡವಾಗಬಾರದೆಂದು ನಿಮ್ಮಮ್ಮ ಸ್ಕೂಟರಿನ ಗಡಿಯಾರವನ್ನು ಮುಂದಕ್ಕೆ ಇಟ್ಟಿದ್ದಳಲ್ಲ. ಅದು ನಿಲ್ಲಬಾರದೆಂದೇ ನಾನು ಚಾರ್ಜು ಹಾಕುತ್ತಿದ್ದದ್ದು. ಬ್ಯಾಟರಿ ಬಿಚ್ಚುತ್ತಲೇ ಆರಿತು. ಮುರುಗೇಶ ಯಾವುದೋ ಸಣ್ಣ ಬ್ಯಾಟರಿ ಕೊಟ್ಟು ಮತ್ತೆ ಹಚ್ಚಿ, ‘ಟೈಮ್ ಎಷ್ಟಿಡ್ಲಿ ಸಾ?’ ಅಂದ. ದಿನಾ ನೋಡುತ್ತಿದ್ದವನು ನಾನು, ಎಷ್ಟು ನಿಮಿಷ ಮುಂದಿತ್ತೆಂದು ಹೇಳಲು ಬರಲಿಲ್ಲ. ಹನ್ನೆರಡರಲ್ಲೇ ಮಿಟುಕುತ್ತಿದೆ. ನಿನಗೆ ನೆನಪಿದ್ದರೆ ಬರಿ.